ಸಹಾಯ ಬೇಕು: ಈಜುಕೊಳದ ಸುತ್ತ ಯಾವ ಕಲ್ಲು, ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಮನೆ ಹಿತ್ತಲಲ್ಲಿ 24 ಅಡಿ ಉದ್ದ, 12 ಅಡಿ ಅಗಲದ ಈಜುಕೊಳ ಕಟ್ಟಿಸಿದ್ದೇವೆ. ಕೊಳ ಮುಗಿದಿದೆ, ಸುತ್ತಲಿನ 4 ಅಡಿ ಜಾಗ ಇನ್ನೂ ಬರೀ ಮಣ್ಣು.

ಮೇಸ್ತ್ರಿ ಪಾಲಿಶ್ ಮಾಡಿದ ಕಡಪ ಕಲ್ಲು ಹಾಕೋಣ ಅಂತಾರೆ. ಎರಡು ಚಪ್ಪಡಿ ಹಾಸಿ ನೋಡಿದೆವು. ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಅದರ ಮೇಲೆ ಕಾಲಿಟ್ಟ ಮಗಳು ಅಳುತ್ತಾ ಪಕ್ಕದ ಮಣ್ಣಿಗೆ ಹಾರಿದಳು. ನೀರು ಬಿದ್ದರೆ ಜಾರುತ್ತದೆ ಬೇರೆ. ಶಹಾಬಾದ್ ಕಲ್ಲು ನೋಡಲು ಚೆಂದ, ಆದರೆ ಅದೂ ಕಡಪದ ಹಾಗೆ ಸುಣ್ಣಕಲ್ಲು, ಆಸಿಡ್ ತಾಗಿದರೆ ಸವೆಯುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಕೊಳಕ್ಕೆ ಆಗಾಗ ಆಸಿಡ್ ಹಾಕಲೇಬೇಕು. ಹಾಗಾಗಿ ಬೆಂಕಿಯಲ್ಲಿ ಸುಟ್ಟು ತರಿ ಮಾಡಿದ ಸಾದರಹಳ್ಳಿ ಗ್ರಾನೈಟ್ ಕಲ್ಲಿನ ಕಡೆ ನನ್ನ ಮನಸ್ಸಿದೆ. ಕೊಳದ ಅಂಚಿಗೆ ಅದನ್ನು ಹಾಕಿಸಿದವರು ಇದ್ದೀರಾ? ಎಷ್ಟು ದಪ್ಪದ್ದು ತಂದಿರಿ, ಇಳಿಜಾರು ಎಷ್ಟು ಕೊಟ್ಟಿರಿ? ಬೇಸಿಗೆಯಲ್ಲಿ ಕಾಲು ಸುಡುತ್ತದೆಯೇ?

ಇನ್ನು ಗಿಡ. ಕಣಗಿಲೆ ಎಂಥ ಬಿಸಿಲನ್ನೂ ತಡೆಯುತ್ತದೆ, ಆದರೆ ಬೇರಿನಿಂದ ಹೂವಿನವರೆಗೆ ವಿಷ, ಮಕ್ಕಳಿರುವ ಮನೆಗೆ ಬೇಡ. ಕಾಗದದ ಹೂ ನೀರಿಗೆ ಉದುರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಾವಂಚ, ಕೇಪಳ, ಲೋಳೆಸರ ಯೋಚಿಸಿದ್ದೇನೆ. ಕ್ಲೋರಿನ್ ನೀರು ಸಿಡಿದರೆ ಇವು ಬಾಳುತ್ತವೆಯೇ?

ಮೂಲೆಯಲ್ಲಿ ಅತ್ತೆ ನೆಟ್ಟ ದೇವಕಣಗಿಲೆ ಮರವಿದೆ, ಕೊಳದ ಗೋಡೆಯಿಂದ 6 ಅಡಿ ದೂರ. ಕಡಿಯಲು ನನಗೆ ಖಂಡಿತ ಮನಸ್ಸಿಲ್ಲ. ಅದರ ಬೇರು ಗೋಡೆಗೆ ತೊಂದರೆ ಮಾಡೀತೇ?

ಅನುಭವ ಇರುವವರು ದಯವಿಟ್ಟು ತಿಳಿಸಿ, ನಿಮ್ಮ ಮನೆಯ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು. ಮುಂದಿನ ವಾರ ಕಲ್ಲು ತರಿಸಬೇಕಿದೆ.