ಕಾಫಿ ಚೀಲಕ್ಕೆ ಬ್ಲಾಕ್‌ಚೈನ್ ಹಾಕಿಸಬಹುದೇ? ಅನುಭವವಿದ್ದವರು ತಿಳಿಸಿ

ಮೂಡಿಗೆರೆಯ ಬೆಳೆಗಾರ:
ನಮ್ಮ ಬೆಳೆಗಾರರ ಕಂಪನಿಯಲ್ಲಿ 62 ಸದಸ್ಯರಿದ್ದು, ಬಹುತೇಕ ಎಲ್ಲರದೂ ಆರೇಳು ಎಕರೆಯ ರೊಬಸ್ಟಾ ಕಾಫಿ ತೋಟ. ಕಾಫಿ ಮಂಡಳಿಯು 2019ರಲ್ಲಿ ಬ್ಲಾಕ್‌ಚೈನ್ (ಹಲವರ ಬಳಿ ಪ್ರತಿ ಇರುವ, ಬರೆದದ್ದನ್ನು ಅಳಿಸಲಾಗದ ಡಿಜಿಟಲ್ ದಾಖಲೆ ಪುಸ್ತಕ) ಆಧಾರಿತ ಮಾರುಕಟ್ಟೆಯ ಪ್ರಯೋಗ ಆರಂಭಿಸಿದಂದಿನಿಂದ ಈ ಮಾತು ನಮ್ಮ ಪ್ರತಿ ಸಭೆಯಲ್ಲೂ ಬರುತ್ತಿದೆ. ಈಗ ಒಂದು ಸಂಸ್ಥೆಯವರು ಪ್ರತಿ ಚೀಲದ ಮೂಲವನ್ನು ತೋಟದಿಂದ ಹಡಗಿನವರೆಗೆ ದಾಖಲಿಸಿಕೊಡಲು ಮೊದಲ ವರ್ಷಕ್ಕೆ 4.5 ಲಕ್ಷ ರೂಪಾಯಿ ಕೇಳಿದ್ದಾರೆ. ಕಾಡು ಕಡಿದ ಜಮೀನಿನ ಬೆಳೆಯನ್ನು ತಡೆಯುವ ಐರೋಪ್ಯ ಒಕ್ಕೂಟದ ಅರಣ್ಯನಾಶ ನಿಯಮಕ್ಕೂ ಇದು ಬೇಕೇ ಬೇಕು ಎನ್ನುತ್ತಾರೆ. ಹಾಕಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಸಕಲೇಶಪುರ ಸೀಮೆಯವ:
ನಾವು 2021ರ ಕೊಯ್ಲಿಗೆ ಹಾಕಿಸಿದೆವು. ಲೆಕ್ಕ ಹೀಗಿದೆ. ತಂತ್ರಾಂಶಕ್ಕೆ 3,80,000. ಎರಡು ಫೋನಿಗೆ 23,000. ಚೀಲಕ್ಕೆ ಅಂಟಿಸುವ ಕ್ಯೂಆರ್ ಚೀಟಿ ಒಂದಕ್ಕೆ ನಾಲ್ಕೂವರೆ ರೂಪಾಯಿಯಂತೆ ಮೂರು ಸಾವಿರ ಚೀಟಿಗೆ 13,500. ವಿವರ ತುಂಬುವ ಹುಡುಗಿಗೆ ತಿಂಗಳಿಗೆ 12,000ದಂತೆ ಐದು ತಿಂಗಳಿಗೆ 60,000. ಒಟ್ಟು 4,76,500. ಬಂದದ್ದೆಷ್ಟು? ಕಿಲೋಗೆ ಆರು ರೂಪಾಯಿ ಹೆಚ್ಚಿನ ಬೆಲೆ, ಅದೂ ಒಂಬತ್ತು ಟನ್ನಿಗೆ ಮಾತ್ರ: 54,000.

ಜನವರಿಯ ಅಕಾಲ ಮಳೆಗೆ ಚೀಟಿಯ ಶಾಯಿ ಕದಡಿ, ಅರ್ಧದಷ್ಟು ಚೀಲಗಳನ್ನು ಫೋನು ಓದಲೇ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇದೆ. ಕಣದಲ್ಲಿ ಸಿಗ್ನಲ್ ಇಲ್ಲದ್ದರಿಂದ ರೈಟರು ತೂಕವನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ಸಂಜೆ ತುಂಬಿಸುತ್ತಿದ್ದರು. ಒಂದು ಸಂಜೆ 480 ಕಿಲೋ ಕಾಫಿ ಚೆರ್ರಿ 48 ಎಂದು ಹೋಯಿತು. ಅಳಿಸಲಾಗುವುದಿಲ್ಲ, ತಿದ್ದುಪಡಿಯ ಹೊಸ ನಮೂದು ಸೇರಿಸಿ ಎಂದು ತಂತ್ರಾಂಶದವರು ಹೇಳಿದರು, ಸೇರಿಸಿದೆವು. ಖರೀದಿದಾರರಿಗೆ ಎರಡೂ ಕಾಣಿಸಿ, ಉಳಿದ 432 ಕಿಲೋವನ್ನು ಹೊರಗಿನಿಂದ ತಂದು ಬೆರೆಸಿದಿರಾ ಎಂದು ಕೇಳಿದರು. ಮೂರು ತಲೆಮಾರಿನಿಂದ ಕಾಫಿ ಮಾರುವವರು ನಾವು. ಅಂಥ ಮಾತನ್ನು ಹಿಂದೆಂದೂ ಕೇಳಿಸಿಕೊಂಡಿರಲಿಲ್ಲ.

ಬೆಂಗಳೂರಿನ ಕೋಡಿಗ:
ತಪ್ಪು ನಿಮ್ಮ ರೈಟರದು, ಬೈಗುಳ ಬ್ಲಾಕ್‌ಚೈನಿಗೆ. ಪ್ರತಿ ಬ್ಲಾಕಿನೊಳಗೂ, ಎಂದರೆ ದಾಖಲೆಗಳ ಪ್ರತಿ ಕಟ್ಟಿನೊಳಗೂ, ಹಿಂದಿನ ಬ್ಲಾಕಿನ ಹ್ಯಾಶ್ (ಅದರ ವಿವರದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತ) ಕುಳಿತಿರುವುದರಿಂದ ಎಲ್ಲೋ ಒಂದು ಅಂಕಿಯನ್ನು ಬದಲಿಸಿದರೂ ಅಲ್ಲಿಂದ ಮುಂದಿನ ಸರಪಳಿಯೆಲ್ಲ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಪ್ರತಿಗಳು ಹಲವರ ಬಳಿ ಇರುವುದರಿಂದ ಒಬ್ಬರೇ ಕುಳಿತು ತಿದ್ದಲಾಗುವುದಿಲ್ಲ. ಅಳಿಸಲಾಗದಿರುವುದೇ ಅದರ ಗುಣ. ನಾನು ಒಂದು ಕಾಲೇಜಿನ ಅಂಕಪಟ್ಟಿಗಳಿಗೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಬ್ಲಾಕ್‌ಚೈನ್ ತಂತ್ರಾಂಶದ ಮೇಲೆ ಇಂಥದ್ದೇ ವ್ಯವಸ್ಥೆ ಕಟ್ಟಿದ್ದೇನೆ. ಹನ್ನೊಂದು ತಿಂಗಳು ಹಿಡಿಯಿತು, ಮೂರು ಬಾರಿ ಮೊದಲಿನಿಂದ ಬರೆದೆ, ಆ ವರ್ಷ ಊರಿನ ಜಾತ್ರೆಗೂ ಹೋಗಲಿಲ್ಲ. ಈಗ ನಕಲಿ ಅಂಕಪಟ್ಟಿ ತಂದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳ ಬ್ಲಾಕ್‌ಚೈನ್ ಪ್ರಯೋಗದಲ್ಲಿ ಹೋಳು ಮಾಡಿದ ಮಾವಿನ ಮೂಲ ಹುಡುಕಲು ಮೊದಲು ಸುಮಾರು ಏಳು ದಿನ ಬೇಕಾಗುತ್ತಿತ್ತು, ಆಮೇಲೆ 2.2 ಸೆಕೆಂಡಿನಲ್ಲಿ ಸಿಕ್ಕಿತು.

ಹಡಗು ಕಚೇರಿ ನಿವೃತ್ತ:
ಆ ಮಾವಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ವಾಲ್‌ಮಾರ್ಟ್ 2018ರಲ್ಲಿ ಸೊಪ್ಪಿನ ಪೂರೈಕೆದಾರರಿಗೆ ಈ ವ್ಯವಸ್ಥೆಗೆ ಸೇರಿ ಎಂದು ಪತ್ರ ಬರೆಯಿತು, ಅವರು ಸೇರಿದರು. ದೊಡ್ಡ ಗಿರಾಕಿಯ ಮಾತನ್ನು ಯಾರು ಮೀರುತ್ತಾರೆ? ಇನ್ನು ಹಡಗು ಸಾಗಣೆಗೆಂದು ಹಡಗು ಕಂಪನಿ ಮೇರ್‌ಸ್ಕ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ಏನಾಯಿತು? ಇಡೀ ಉದ್ಯಮದ ಸಹಕಾರ ಸಿಗಲಿಲ್ಲವೆಂದು 2022ರ ನವೆಂಬರಿನಲ್ಲಿ ಮುಚ್ಚುವುದಾಗಿ ಪ್ರಕಟಿಸಿದರು. ಅಷ್ಟು ದೊಡ್ಡವರಿಗೇ ಒಂದೇ ಪುಸ್ತಕದಲ್ಲಿ ಎಲ್ಲರ ಕೈಯಿಂದ ಬರೆಸಲು ಆಗಲಿಲ್ಲ.

ಕೈ ಸುಟ್ಟುಕೊಂಡವ:
ಬ್ಲಾಕ್‌ಚೈನ್ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2022-23ರಲ್ಲಿ ಬ್ಲಾಕ್‌ಚೈನ್ ಮೇಲೆ ನಡೆಯುವ ಒಂದು ಕ್ರಿಪ್ಟೋ ನಾಣ್ಯದಲ್ಲಿ 1,10,000 ಲಾಭ, ಇನ್ನೊಂದರಲ್ಲಿ 1,60,000 ನಷ್ಟ. ಒಟ್ಟಾರೆ ಐವತ್ತು ಸಾವಿರ ಕಳೆದುಕೊಂಡೆ. ನಷ್ಟವನ್ನು ಲಾಭಕ್ಕೆ ವಜಾ ಹಾಕುವಂತಿಲ್ಲವಾದ್ದರಿಂದ ಲಾಭದ ಮೇಲೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು 34,320 ಕಟ್ಟಿದೆ. ಕಳೆದುಕೊಂಡವನು ತೆರಿಗೆಯನ್ನೂ ಕಟ್ಟಿದ ಕಥೆ ಇದು.

ಬೆಂಗಳೂರಿನ ಕೋಡಿಗ:
ಸ್ವಾಮಿ, ಇಲ್ಲಿ ಕೇಳಿರುವುದು ಕಾಫಿ ಚೀಲದ ವಿಚಾರ. ಫ್ಯಾಬ್ರಿಕ್ ಬಳಸಲು ನಾಣ್ಯವೂ ಬೇಡ, ಗಣಿಗಾರಿಕೆಯೂ (ಕಂಪ್ಯೂಟರುಗಳ ಲೆಕ್ಕದ ಪೈಪೋಟಿಯಿಂದ ನಾಣ್ಯ ಗಳಿಸುವುದು) ಬೇಡ.

ಕೈ ಸುಟ್ಟುಕೊಂಡವ:
ನನಗೆ ನಾಣ್ಯ ಕೊಳ್ಳಲು ಹೇಳಿದವನೂ ಹ್ಯಾಶ್, ಸರಪಳಿ ಎಂದು ನಿಮ್ಮ ಹಾಗೆಯೇ ವಿವರಿಸಿದ್ದ.

ಮಾಜಿ ಗುಮಾಸ್ತ, ಶಿವಮೊಗ್ಗ:
ಜಮೀನು ದಾಖಲೆಯನ್ನೂ ಇದರಲ್ಲಿಡಬೇಕೆಂದು ಕೆಲವರು ಹೇಳುವುದರಿಂದ ಒಂದು ಮಾತು. ನನ್ನ ತಂದೆಯ ಪಹಣಿಯಲ್ಲಿ ಒಂದು ಅಕ್ಷರ ತಪ್ಪಾಗಿ, ಹೆಸರು ಸರಿಪಡಿಸಿಕೊಳ್ಳಲು ನಾಲ್ಕು ವರ್ಷ ಅಲೆದೆ. ಬಸ್ ಚಾರ್ಜು, ವಕೀಲರ ಫೀಸು ಸೇರಿ 41,000 ಖರ್ಚಾಯಿತು. ತಿದ್ದಲಾಗದ ದಾಖಲೆಯೆಂದು ಹೊಗಳುವವರು ತಪ್ಪು ದಾಖಲೆಯ ಸಂಕಟವನ್ನು ಅನುಭವಿಸಿದವರಲ್ಲ. ನ್ಯಾಯಾಲಯ ತಿದ್ದು ಎಂದರೆ ತಿದ್ದಲೇಬೇಕು.

ಬೆಂಗಳೂರಿನ ಕೋಡಿಗ:
ಆದೇಶವನ್ನು ಹೊಸ ನಮೂದಾಗಿ ಸೇರಿಸಬಹುದು. ಯಾರು, ಯಾವಾಗ, ಏಕೆ ತಿದ್ದಿದರೆಂಬುದು ಉಳಿಯುತ್ತದೆ. ನಿಮ್ಮ ತಂದೆಯವರ ಹೆಸರನ್ನು ಕೆಡಿಸಿದವರು ಯಾರೆಂದು ಇಂದು ನಿಮಗೆ ಗೊತ್ತಿದೆಯೇ?

ಮಾಜಿ ಗುಮಾಸ್ತ, ಶಿವಮೊಗ್ಗ:
ಗೊತ್ತಿದೆ. ಅವರು ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದರು.

ಕಳಸದ ತೋಟದವಳು:
ಮೂಲ ಪ್ರಶ್ನೆ ಕೇಳಿದವರಿಗೆ: ಐರೋಪ್ಯ ನಿಯಮವು ಬ್ಲಾಕ್‌ಚೈನನ್ನು ಕೇಳುವುದಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಬೆಳೆಯಲ್ಲ ಎಂಬುದಕ್ಕೆ ಆಧಾರ ಮತ್ತು ಜಮೀನಿನ ಅಕ್ಷಾಂಶ ರೇಖಾಂಶ ಕೇಳುತ್ತದೆ. ನಾಲ್ಕು ಹೆಕ್ಟೇರು ಮೀರಿದರೆ ಮಾತ್ರ ಗಡಿ ಪೂರ್ತಿ ಗುರುತಿಸಬೇಕು. ನನ್ನ ಮಗ ಮೊಬೈಲ್ ಹಿಡಿದು ಬೇಲಿಗುಂಟ ನಡೆದು ಒಂದು ಬೆಳಿಗ್ಗೆ ಮುಗಿಸಿದ. ಖರ್ಚಾದದ್ದು ಉಂಬಳಕ್ಕೆ (ಜಿಗಣೆಗೆ) ಹಚ್ಚಿಕೊಂಡ ಸುಣ್ಣ ಮಾತ್ರ.

ಬೆಂಗಳೂರಿನ ಕೋಡಿಗ:
ಆ ಬಿಂದು ನಿಮ್ಮದೇ ತೋಟದ್ದೆಂದು, ಚೀಲದಲ್ಲಿರುವುದು ಅದೇ ತೋಟದ ಕಾಫಿಯೆಂದು ಹೇಗೆ ನಂಬುವುದು?

ಸಕಲೇಶಪುರ ಸೀಮೆಯವ:
ನಿಮ್ಮ ಸರಪಳಿಯೂ ಚೀಲದೊಳಗೆ ಇಣುಕುವುದಿಲ್ಲ! ಚೀಟಿ ನಿಜ, ಕಾಫಿ ಸುಳ್ಳು ಎಂದರೆ ಅದಕ್ಕೆ ಹೇಗೆ ತಿಳಿಯುತ್ತದೆ? ಕೊಯ್ಲಿನಲ್ಲಿ ಬಂದು ಒಂದು ದಿನ ನಮ್ಮ ಕಣದಲ್ಲಿ ನಿಂತು ನೋಡಿ.

ಬೆಂಗಳೂರಿನ ಕೋಡಿಗ:
ಬರುತ್ತೇನೆ. ಅಷ್ಟರಲ್ಲಿ ಕೈಬರಹ ಬಿಟ್ಟು, ತೂಕವನ್ನು ನೇರವಾಗಿ ಫೋನಿಗೆ ಕಳಿಸುವ ಬ್ಲೂಟೂತ್ ತಕ್ಕಡಿ ಹಾಕಿಸಿ.

ಸಕಲೇಶಪುರ ಸೀಮೆಯವ:
ಮರುವರ್ಷ ಅದನ್ನೂ ಹಾಕಿಸಿದೆವು, 18,500. ಮೇಲಿನ ಲೆಕ್ಕದಲ್ಲಿ ಸೇರಿಸಲು ಮರೆತಿದ್ದೆ. ಒಟ್ಟು 4,95,000 ಎಂದು ಓದಿಕೊಳ್ಳಿ.