ಅಪ್‌ಡೇಟ್: ಇಫ್ ವಾಕ್ಯದಲ್ಲಿ ವಿಲ್ ಎಲ್ಲಿ ಬರಬೇಕು?

ಇಂಗ್ಲಿಷ್‌ನ ಇಫ್ ವಾಕ್ಯಗಳಲ್ಲಿ ಝೀರೋ ಕಂಡಿಷನಲ್‌ಗೂ ಫಸ್ಟ್ ಕಂಡಿಷನಲ್‌ಗೂ ಏನು ವ್ಯತ್ಯಾಸ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ತೀರ್ಥಹಳ್ಳಿ ಕಡೆ ಮಕ್ಕಳಿಗೆ ಅಡಿಕೆ ಅಂಗಳದ ಉದಾಹರಣೆಯೇ ಸಾಕು.

ಝೀರೋ ಕಂಡಿಷನಲ್ ಅಂದ್ರೆ: ‘ಇಫ್ ಅರೆಕಾನಟ್ ಗೆಟ್ಸ್ ವೆಟ್, ಇಟ್ ಗೋಸ್ ಮೋಲ್ಡಿ.’ ನೆನೆದ ಅಡಿಕೆಗೆ ಬೂಸ್ಟು ಹಿಡಿಯೋದು ಯಾವತ್ತಿಗೂ ನಿಜ, ಹಾಗಾಗಿ ಎರಡೂ ಕಡೆ ಸಿಂಪಲ್ ಪ್ರೆಸೆಂಟ್ (ಸಾಮಾನ್ಯ ವರ್ತಮಾನ ಕಾಲ). ಇಫ್ ಬದಲು ವೆನ್ ಹಾಕಿದರೂ ಅರ್ಥ ಕೆಡಲ್ಲ. ಫಸ್ಟ್ ಕಂಡಿಷನಲ್ ಆದ ‘ಇಫ್ ಇಟ್ ರೇನ್ಸ್ ಟುನೈಟ್, ವಿ ವಿಲ್ ಕವರ್ ದಿ ಅರೆಕಾನಟ್’ ಅನ್ನೋದು ಇವತ್ತು ರಾತ್ರಿಯ ಸಾಧ್ಯತೆ ಮಾತ್ರ. ಇಲ್ಲಿ ವೆನ್ ಹಾಕಿದರೆ ಮಳೆ ಗ್ಯಾರಂಟಿ ಅಂದಹಾಗೆ. (ಜುಲೈನ ಆಗುಂಬೆಯಾದರೆ ಅದೂ ಸರಿಯೇ!)

ಮಕ್ಕಳು ಎಡವೋದು ಇಫ್ ಭಾಗದಲ್ಲಿ: ‘ಇಫ್ ಇಟ್ ವಿಲ್ ರೇನ್’ ಅಂತಲೋ, ಭೂತಕಾಲದ ‘ಬಂದ’ದಿಂದ ಆಗುವ ನಮ್ಮ ‘ಬಂದರೆ’ಯ ಜಾಡು ಹಿಡಿದು ‘ಇಫ್ ಇಟ್ ರೇನ್ಡ್’ ಅಂತಲೋ ಬರೀತಾರೆ. ವಿಲ್ ಇರಬೇಕಾದ್ದು ಫಲ ಹೇಳುವ ಭಾಗದಲ್ಲಿ. ಇಫ್ ಭಾಗ ವಾಕ್ಯದ ಕೊನೆಗೆ ಹೋದರೆ ಕಾಮಾ ಬೇಡ.