ಮ್ಯಾಕ್‌ನಾಗ 442 ಜಿಬಿ, ವಿಂಡೋಸ್‌ನಾಗ 412 ಜಿಬಿ: ಲಗ್ನದ ಫೂಟೇಜ್ 30 ಜಿಬಿ ಎಲ್ಲಿ ಹೋತು? (ಬಗಿಹರದೈತಿ)

ಫ್ರೇಮ್_ಗಂಗಾವತಿ:
ಎಲ್ಲರಿಗೂ ನಮಸ್ಕಾರ್ರಿ, ಸ್ವಲ್ಪ ಅರ್ಜೆಂಟ್ ಐತಿ. ನಂದು ಗಂಗಾವತ್ಯಾಗ ಸಣ್ಣ ಸ್ಟುಡಿಯೋ, ಲಗ್ನದ ವಿಡಿಯೋ ಮಾಡ್ತೀವಿ, ಎಡಿಟಿಂಗ್ ಬಳ್ಳಾರ್ಯಾಗ ಒಬ್ರಿಗೆ ಕೊಡ್ತೀವಿ. ಈ ಸಲ ಒಂದು ದೊಡ್ಡ ಮನಿ ಲಗ್ನ, ಮೂರು ಕ್ಯಾಮೆರಾ ಒಂದು ಡ್ರೋನ್, ಅರಿಶಿಣದಿಂದ ಹಿಡದು ಸುರಗಿ, ಅಕ್ಕಿಕಾಳು, ಊಟದ ಪಂಗ್ತಿ ತನಕ ಎಲ್ಲಾ ಶೂಟ್ ಆಗೇತಿ. ಎಡಿಟರ್ ಕೆಲಸ ಮುಗಿಸಿ ರಾ ಫೂಟೇಜ್, ಪ್ರಾಜೆಕ್ಟ್, ಫೈನಲ್ ಎಲ್ಲಾ ಒಂದೇ ಫೋಲ್ಡರ್ ಮಾಡಿ ನನ್ನ 1 ಟಿಬಿ ಎಸ್‌ಎಸ್‌ಡಿಗೆ ಹಾಕಿ ಬಸ್ಸಿಗೆ ಕೊಟ್ಟು ಕಳಿಸ್ಯಾರ. ಅವ್ರದು ಮ್ಯಾಕ್, ಅದರಾಗ ಫೋಲ್ಡರ್ 442.38 ಜಿಬಿ ಅಂತ ಐತಿ, ಸ್ಕ್ರೀನ್‌ಶಾಟ್ ಕಳಿಸ್ಯಾರ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದ್ರ ಅದೇ ಫೋಲ್ಡರ್ 412 ಜಿಬಿ!! ಎರಡು ಸಲ ಕೇಬಲ್ ಬದ್ಲಿ ಮಾಡಿ ನೋಡ್ದೆ, ಅಷ್ಟೇ. 30 ಜಿಬಿ ಅಂದ್ರ ಸಣ್ಣದಲ್ರಿ, ಒಂದು ಕ್ಯಾಮೆರಾದ ಅರ್ಧ ಫಂಕ್ಷನ್ ಅದು. ನನ್ನ ಹಳೇ ಹಾರ್ಡ್ ಡಿಸ್ಕ್‌ನಾಗ ಬ್ಯಾಕಪ್ ಐತಿ, ಅದನ್ನ ಅಳಿಸಿ ಮುಂದಿನ ಲಗ್ನಕ್ಕ ಜಾಗ ಮಾಡ್ಬೇಕಿತ್ತು, ಈಗ ಕೈ ಓಡವಲ್ದು. ಎಡಿಟರ್ ಅಣ್ಣ ನಾನು ಪೂರಾ ಕಾಪಿ ಮಾಡೀನಿ ಅಂತಾರ. ಯಾರ ಮಾತು ನಂಬೂದು?

ಸಿಂಧನೂರು_ಹೀರೋ:
ಬ್ರೋ ಎಸ್‌ಎಸ್‌ಡಿ ಡೂಪ್ಲಿಕೇಟ್ ಇರ್ಬೇಕು ಇಲ್ಲಾಂದ್ರ ಬ್ಯಾಡ್ ಸೆಕ್ಟರ್. ಒಂದ್ಸಲ ಫುಲ್ ಫಾರ್ಮ್ಯಾಟ್ ಹೊಡದು ಮತ್ತ ಕಾಪಿ ತಗೊಳ್ರಿ ಸರಿ ಆಗ್ತದ

ಬೈಟ್_ಮಾಸ್ತರ:
ತಮ್ಮಾ ಹೀರೋ, ಸ್ವಲ್ಪ ತಡಿ. ಮೊದಲನೇ ರಿಪ್ಲೈದಾಗೇ ಫಾರ್ಮ್ಯಾಟ್ ಹೊಡೀರಿ ಅಂತ ಬರೀಬ್ಯಾಡ, ಯಾರಾದ್ರೂ ಖರೇನ ಹೊಡದ್ರ ಒಂದು ಮನಿ ಲಗ್ನಾನ ಹೋಗ್ತದ.

ಗಂಗಾವತಿ ಅವ್ರೆ, ಏನೂ ಅಳಿಸಬ್ಯಾಡ್ರಿ, ಏನೂ ಫಾರ್ಮ್ಯಾಟ್ ಮಾಡಬ್ಯಾಡ್ರಿ. ನಂಗ ಅನ್ಸೋದು ನಿಮ್ಮ ಫೂಟೇಜ್ ಎಲ್ಲೂ ಹೋಗಿಲ್ಲ. ಆದ್ರ ಅನ್ಸೋದ್ರ ಮ್ಯಾಲ ಬ್ಯಾಕಪ್ ಅಳಿಸ್ಲಿಕ್ಕೆ ಬರಂಗಿಲ್ಲಲ್ಲ. ಫೋಲ್ಡರ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತಗೀರಿ. ಅಲ್ಲಿ 412 ಜಿಬಿ ಅಂತ ಇದ್ದದ್ದರ ಬಾಜೂಕ ಬೈಟ್ಸ್ ಅಂತ ಉದ್ದಕ ಒಂದು ನಂಬರ್ ಇರ್ತದ, ಅದನ್ನ ಇಲ್ಲಿ ಹಾಕ್ರಿ. 'ಸೈಜ್' ಅಂತ ಇರೋದು, ಕೆಳಗ 'ಸೈಜ್ ಆನ್ ಡಿಸ್ಕ್' ಅಂತ ಇನ್ನೊಂದು ಇರ್ತದ ಅದು ಬ್ಯಾಡ. ಎಡಿಟರ್ ಕಡಿಂದನೂ ಅದೇ ತರಿಸ್ರಿ, ಮ್ಯಾಕ್‌ನಾಗ ಗೆಟ್ ಇನ್ಫೋ ತಗದ್ರ ಬೈಟ್ಸ್ ಬರ್ತದ.

ಫ್ರೇಮ್_ಗಂಗಾವತಿ:
ತಗೊಳ್ರಿ ಮಾಸ್ತರೆ.
ಮ್ಯಾಕ್: 442,381,907,214
ವಿಂಡೋಸ್: 4,42,38,23,65,966
ಇದು ನೋಡಿ ಇನ್ನೂ ತಲಿ ಕೆಡ್ತು. ಎರಡರ ಸಂಬಂಧಾನೇ ಇಲ್ಲ, ಒಂದು 442 ರಿಂದ ಶುರು, ಇನ್ನೊಂದು ನಾಕರಿಂದ.

ಬೈಟ್_ಮಾಸ್ತರ:
ಸಂಬಂಧ ಅದ, ಕಾಮಾ ತಗದು ಓದ್ರಿ. ನಿಮ್ಮ ವಿಂಡೋಸ್ ಇಂಡಿಯಾ ಸೆಟ್ಟಿಂಗ್‌ನಾಗ ಅದ, ಅದಕ್ಕ ಲಕ್ಷ ಕೋಟಿ ಲೆಕ್ಕದಾಗ ಕಾಮಾ ಹಾಕ್ಯದ. ಅವ್ರ ಮ್ಯಾಕ್ ಮಿಲಿಯನ್ ಬಿಲಿಯನ್ ಲೆಕ್ಕದಾಗ ಹಾಕ್ಯದ. ಕಾಮಾ ಬಿಟ್ರ ಎರಡೂ 12 ಅಂಕಿ, ಎರಡೂ 44238ರಿಂದನೇ ಶುರು. ಅಂದ್ರ ಎರಡೂ ಕಡಿ ಹತ್ರ ಹತ್ರ 44 ಸಾವಿರದ 238 ಕೋಟಿ ಬೈಟ್. 30 ಜಿಬಿ ಹೋಗಿದ್ರ ಮೊದಲ ಎರಡು ಮೂರು ಅಂಕಿಯಾಗೇ ಗೊತ್ತಾಗ್ತಿತ್ತು.

ಹಂಗಾರ 442 ಮತ್ತ 412 ಯಾಕ? ಬೈಟ್ ಒಂದೇ, ಭಾಗಾಕಾರ ಬ್ಯಾರೆ. ಮ್ಯಾಕ್ ಸಾವಿರದಿಂದ ಮೂರು ಸಲ ಭಾಗಿಸಿ ಜಿಬಿ ಅಂತದ. ವಿಂಡೋಸ್ 1024ರಿಂದ ಮೂರು ಸಲ ಭಾಗಿಸಿ ಅದಕ್ಕೂ ಜಿಬಿ ಅಂತನೇ ಬರೀತದ. ನಿಮ್ಮ ಗಂಗಾವತ್ಯಾಗ ಒಬ್ಬ ಭತ್ತ ಚೀಲದ ಲೆಕ್ಕ ಹೇಳಿ ಇನ್ನೊಬ್ಬ ಕ್ವಿಂಟಲ್ ಲೆಕ್ಕ ಹೇಳಿದ್ರ ರಾಶಿ ಕಡಿಮಿ ಆಗ್ತದೇನು? ಇಲ್ಲಿ ಫಜೀತಿ ಏನಂದ್ರ ಇಬ್ರೂ 'ಚೀಲ' ಅಂತನೇ ಅಂತಾರ. ವಿಂಡೋಸ್‌ನ 1 ಜಿಬಿ ಅಂದ್ರ 107,37,41,824 ಬೈಟ್. 412ನ್ನ 1.0737ರಿಂದ ಗುಣಿಸಿ ನೋಡ್ರಿ, 442.4 ಬರ್ತದ.

ಈ 1024 ಹುಚ್ಚಿಗೆ ಹುಟ್ಟಿದ್ದಲ್ಲ, ಮೆಮೊರಿ ಅಡ್ರೆಸ್ ಎರಡರ ಘಾತದಾಗ ಹೋಗ್ತದ, ಎರಡನ್ನ ಹತ್ತು ಸಲ ಗುಣಿಸಿದ್ರ 1024, ಅದು ಸಾವಿರಕ್ಕ ಹತ್ರ ಅಂತ ಆಗಿನವ್ರು ಕಿಲೋ ಅಂತ ಕರದುಬಿಟ್ರು. ಕೆಬಿ ಇದ್ದಾಗ ಬರೇ 2.4 ಪರ್ಸೆಂಟ್ ಫರಕ್, ಯಾರೂ ತಲಿ ಕೆಡಿಸ್ಕೊಳ್ಳಿಲ್ಲ. ಎಂಬಿಗೆ 4.9, ಜಿಬಿಗೆ 7.4, ಟಿಬಿಗೆ ಬಂದ್ರ ಹತ್ರ ಹತ್ರ 10. 1998ರಾಗ ಐಇಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ 1024ರ ಲೆಕ್ಕಕ್ಕ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಅಂತ ಬ್ಯಾರೆ ಹೆಸರೇ ಕೊಟ್ಟು ಜಗಳ ಮುಗಿಸ್ಲಿಕ್ಕೆ ನೋಡ್ತು, ವಿಂಡೋಸ್ ಮಾತ್ರ ಹಳೇ ಹೆಸರನ್ನ ಬಿಡ್ಲಿಲ್ಲ. ಮ್ಯಾಕ್ 2009ರಾಗ 10.6 ವರ್ಷನ್‌ನಿಂದ ಸಾವಿರದ ಲೆಕ್ಕಕ್ಕ ಹೋತು. ಅಲ್ಲಿ ತನಕ ಎರಡೂ ಒಂದೇ ತೋರಿಸ್ತಿದ್ವು.

ಸಿಂಧನೂರು_ಹೀರೋ:
ಓಕೆ ಸರ್ 🙏 ಆದ್ರ 1 ಟಿಬಿ ತಗೊಂಡ್ರ 931 ಜಿಬಿ ಬರೋದು? ಅಂಗಡ್ಯಾಗ ಕೇಳಿದ್ರ ಫಾರ್ಮ್ಯಾಟ್ ಮಾಡಿದ್ರ ಹೋಗ್ತದ ಅಂತಾರ. ಮೋಸ ಅಲ್ಲೇನು ಅದು

ಬೈಟ್_ಮಾಸ್ತರ:
ಅದೂ ಇದೇ ಕಥಿ. ಡಿಸ್ಕ್ ಕಂಪನಿಯವ್ರು ಸಾವಿರದ ಲೆಕ್ಕದಾಗ ಮಾರ್ತಾರ, 1 ಟಿಬಿ ಅಂದ್ರ ಒಂದು ಲಕ್ಷ ಕೋಟಿ ಬೈಟ್. ಅದನ್ನ ವಿಂಡೋಸ್ ತನ್ನ ಲೆಕ್ಕದಾಗ ಓದಿದ್ರ 931. ಫಾರ್ಮ್ಯಾಟ್ ಮಾಡಿದ್ರ ಸ್ವಲ್ಪ ಹೋಗೋದು ಖರೆ, ಆದ್ರ 69 ಜಿಬಿ ಯಾವ ಫಾರ್ಮ್ಯಾಟೂ ತಿನ್ನಂಗಿಲ್ಲ. ಡಬ್ಬಿ ಮ್ಯಾಲಿನ ಜಿಬಿಯನ್ನ 0.931ರಿಂದ ಗುಣಿಸ್ರಿ, ವಿಂಡೋಸ್ ತೋರಿಸೋದು ಬರ್ತದ. 64ಕ್ಕ 59.6, 128ಕ್ಕ 119, 500ಕ್ಕ 465. ಟಿಬಿಯನ್ನ ಟಿಬಿ ಅಂತನೇ ನೋಡೋದಾದ್ರ 0.909, 4 ಟಿಬಿ ತಗೊಂಡ್ರ 3.63. ಇದಕ್ಕಿಂತ ಬಹಳ ಕಡಿಮಿ ತೋರಿಸಿದ್ರ ಆಗ ಸಂಶಯ ಪಡು. ಆದ್ರ ಡೂಪ್ಲಿಕೇಟ್ ಪೆನ್‌ಡ್ರೈವ್ ಕಡಿಮಿ ತೋರಿಸಂಗಿಲ್ಲ, ಜಾಸ್ತಿ ತೋರಿಸ್ತದ! 16 ಇದ್ದದ್ದು 512 ಅಂತ ತೋರಿಸ್ತದ. ಅದನ್ನ ಪೂರ್ತಿ ತುಂಬಿ ವಾಪಸ್ ಓದಿದ್ರ ಮಾತ್ರ ಬಣ್ಣ ಬಯಲಾಗೋದು, ಎಚ್2ಟೆಸ್ಟ್‌ಡಬ್ಲ್ಯೂ ಅಂತ ಫ್ರೀ ಟೂಲ್ ಅದ.

ಫ್ರೇಮ್_ಗಂಗಾವತಿ:
ಜೀವ ಬಂದಂಗಾತು ಮಾಸ್ತರೆ. ಆದ್ರ ಒಂದು ಡೌಟು. ಕಾಮಾ ತಗದು ನೋಡಿದ್ರೂ ಎರಡೂ ನಂಬರ್ ಪೂರ್ತಿ ಒಂದೇ ಇಲ್ಲಲ್ರಿ? ನಂದ್ರಾಗ ಜಾಸ್ತಿ ಐತಿ. ಕಳದ್ರ 4,58,752 ಬಂತು. ಕಾಪಿ ಮಾಡಿದ್ದು ಜಾಸ್ತಿ ಹೆಂಗ ಆಗ್ತೈತಿ?

ಕೋಟೆ_ಕಟ್ಸ್:
ನಾನು ಬಳ್ಳಾರಿ, ಮ್ಯಾಕ್‌ನಾಗೇ ಎಡಿಟ್ ಮಾಡಾಕತ್ತೀನಿ (ನಿಮ್ಮ ಎಡಿಟರ್ ನಾನಲ್ಲ 😄). ಈ ನಂಬರ್ ನೋಡಿದ ಕೂಡ್ಲೆ ಗೊತ್ತಾತು. 4,58,752ನ್ನ 4096ರಿಂದ ಭಾಗ್ಸಿ ನೋಡ್ರಿ. ಸರಿಯಾಗಿ 112, ಚೂರೂ ಉಳಿಯಲ್ಲ. ನಿಮ್ಮ ಎಸ್‌ಎಸ್‌ಡಿ ಎಕ್ಸ್‌ಫ್ಯಾಟ್ (ಮ್ಯಾಕ್, ವಿಂಡೋಸ್ ಎರಡರಾಗೂ ನಡೆಯೋ ಫಾರ್ಮ್ಯಾಟ್) ಐತೆ ಅಲ್ವಾ? ಮ್ಯಾಕ್ ಫೈಲಿನ ಜೊತೆ ತನ್ನ ಕಡೆ ಮಾಹಿತಿ ಒಂದಿಷ್ಟು ಇಟ್ಕೊಂಡಿರುತ್ತೆ. ಎಕ್ಸ್‌ಫ್ಯಾಟ್‌ನಾಗ ಅದನ್ನ ಇಡಾಕೆ ಜಾಗ ಇಲ್ಲ ಅಂತ ಹೆಸರಿನ ಮುಂದೆ ಚುಕ್ಕಿ ಮತ್ತೆ ಅಂಡರ್‌ಸ್ಕೋರ್ ಹಾಕಿ 4 ಕೆಬಿ ಸಣ್ಣ ಫೈಲ್ ಮಾಡಿ ಇಡುತ್ತೆ, ಒಂದೊಂದು ಬಹಳ ಸಲ ಸರಿಯಾಗಿ 4096 ಬೈಟೇ ಇರುತ್ತೆ. ವಿಂಡೋಸ್‌ನಾಗ ವ್ಯೂ ಮೆನುದಾಗ ಹಿಡನ್ ಐಟಮ್ಸ್ ಆನ್ ಮಾಡ್ರಿ, ಕಾಣ್ತಾವೆ. ಎಷ್ಟು ಅದಾವೆ ಎಣಿಸಿ ಹೇಳ್ರಿ, ನನಗೂ ಕುತೂಹಲ.

ಅವನ್ನ ಡಬಲ್ ಕ್ಲಿಕ್ ಮಾಡಿ ಓಪನ್ ಆಗ್ಲಿಲ್ಲ ಅಂತ ಗಾಬ್ರಿ ಆಗ್ಬ್ಯಾಡ್ರಿ. ಕಸ್ಟಮರ್ ಒಬ್ರು ನಂಗೆ ರಾತ್ರಿ ಫೋನ್ ಹಚ್ಚಿ ಅರ್ಧ ವಿಡಿಯೋ ಕರಪ್ಟ್ ಅಂತ ಬೈದಿದ್ರು, ನೋಡಿದ್ರೆ ಇವೇ ಚುಕ್ಕಿ ಫೈಲು.

ಫ್ರೇಮ್_ಗಂಗಾವತಿ:
ಸರ್ಚ್ ಹಾಕಿ ಎಣಿಸ್ದೆ. ಸರಿಯಾಗಿ 112!! ಮೈ ಜುಮ್ ಅಂತು ನೋಡ್ರಿ. ಹಂಗಾರ ಹಳೇ ಡಿಸ್ಕ್ ಅಳಿಸ್ಲ್ಯಾ?

ಬೈಟ್_ಮಾಸ್ತರ:
ಇನ್ನೂ ಬ್ಯಾಡ. ಬೈಟ್ ಲೆಕ್ಕ ಕೂಡ್ತು ಅಂದ್ರ ಯಾವ ಫೈಲೂ ಬಿಟ್ಟಿಲ್ಲ ಅಂತ ಗೊತ್ತಾತು ಅಷ್ಟೇ, ಒಳಗಿನದು ಕೆಟ್ಟಿಲ್ಲ ಅಂತಲ್ಲ. ಕೆಟ್ಟ ಫೈಲಿಗೂ ಸೈಜ್ ಅಷ್ಟೇ ಇರ್ಬಹುದು. ಎಸ್‌ಎಸ್‌ಡಿಯಾಗಿನದನ್ನ ಹಳೇ ಡಿಸ್ಕಿನ ರಾ ಫೂಟೇಜ್ ಜೊತಿ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿ ಬರೋ ಗುರುತಿನ ನಂಬರ್) ತಗದು ತಾಳೆ ನೋಡ್ರಿ. ಮುಂದಿನ ಸಲ ಟೆರಾಕಾಪಿಯಂಥ ಕಾಪಿ ಸಾಫ್ಟ್‌ವೇರ್‌ನಾಗ ವೆರಿಫೈ ಆನ್ ಮಾಡಿ ಕಾಪಿ ಮಾಡಿದ್ರ ಅದೇ ಎರಡೂ ಕಡಿ ಓದಿ ನೋಡ್ತದ. ಟೈಮ್ ಹಿಡೀತದ, ಹಿಡೀಲಿ.

ಸೈಜ್ ಆನ್ ಡಿಸ್ಕ್ ಬ್ಯಾಡ ಅಂದಿದ್ದೂ ಇದಕ್ಕೇ. ಇಷ್ಟು ದೊಡ್ಡ ಡಿಸ್ಕನ್ನ ವಿಂಡೋಸ್‌ನಾಗ ಎಕ್ಸ್‌ಫ್ಯಾಟ್ ಮಾಡಿದ್ರ ಸುಮ್ನ ಬಿಟ್ಟ್ರ 128 ಕೆಬಿ ಕ್ಲಸ್ಟರ್ (ಫೈಲಿಗೆ ಜಾಗ ಕೊಡೋ ಕನಿಷ್ಠ ತುಂಡು) ಇಡ್ತದ, 4 ಕೆಬಿ ಫೈಲೂ 128 ಕೆಬಿ ಜಾಗ ಹಿಡೀತದ. ಆ ನಂಬರ್ ಡಿಸ್ಕ್ ಬದ್ಲಾದಂಗ ಬದ್ಲಾಗ್ತದ, ತಾಳೆ ನೋಡ್ಲಿಕ್ಕೆ ಉಪಯೋಗಿಲ್ಲ.

ನೆಟ್‌ಸೆಂಟರ್_ಕೊಪ್ಪಳ:
ನಡುಕ ಬಂದೆ ಅಂತ ಬೈಬ್ಯಾಡ್ರಿ, ಇದೇ ಲೆಕ್ಕದ ಪ್ರಶ್ನಿ ಐತಿ. ನೌಕರಿ ಅರ್ಜಿ ಹಾಕೋ ಹುಡುಗ್ರು ಬರ್ತಾರ, ಫೋಟೋ 50 ಕೆಬಿ ಒಳಗ ಇರ್ಬೇಕು ಅಂತ ಇರ್ತೈತಿ. ನಾನು ಕಡಿಮಿ ಮಾಡಿ ಫೋಲ್ಡರ್‌ನಾಗ 50 ಕೆಬಿ ಅಂತ ತೋರಿಸಿದ ಮ್ಯಾಲೇ ಹಾಕ್ತೀನಿ, ಒಂದೊಂದು ಸೈಟ್ ತಗೊಂತೈತಿ ಒಂದೊಂದು ದೊಡ್ಡದಾತು ಅಂತೈತಿ. ಕಡೀ ದಿನ ರಾತ್ರಿ ಸರದಿ ನಿಂತಾಗ ಇದು ಬಂದ್ರ ಸಾಕಾಗ್ತೈತಿ.

ಬೈಟ್_ಮಾಸ್ತರ:
ಚಲೋ ಪ್ರಶ್ನಿ. ಸೈಟ್ ಮಾಡಿದವ್ರು 50 ಕೆಬಿ ಅಂದ್ರ 50,000 ಬೈಟ್ ಅಂತ ಇಟ್ಟಿರಬಹುದು, 51,200 ಅಂತನೂ ಇಟ್ಟಿರಬಹುದು. ಅದರ ಮ್ಯಾಲ ಫೋಲ್ಡರ್ ಲಿಸ್ಟ್‌ನಾಗ ವಿಂಡೋಸ್ ಕೆಬಿಯನ್ನ ಮ್ಯಾಲಕ್ಕ ರೌಂಡ್ ಮಾಡ್ತದ. ನಿಮಗ 50 ಕೆಬಿ ಅಂತ ಕಂಡದ್ದು ಖರೇದಾಗ 50,177ರಿಂದ 51,200ರ ನಡುವ ಇರ್ತದ, ಅಂದ್ರ ಮೊದಲ ನಮೂನಿ ಸೈಟಿಗೆ ಅದು ಒಂದೂ ನಡಿಯಂಗಿಲ್ಲ. 49 ಕಂಡ್ರೂ ಒಮ್ಮೊಮ್ಮಿ ದಾಟಿರ್ತದ. 48 ತೋರಿಸೋ ಹಂಗ ಮಾಡ್ರಿ, ಎರಡೂ ಕಡಿ ಹೋಗ್ತದ.

ನೆಟ್‌ಸೆಂಟರ್_ಕೊಪ್ಪಳ:
ಇಷ್ಟು ವರ್ಷ ಸರ್ವರ್‌ಗೆ ಬೈಕೊಂತ ಕುಂತಿದ್ದೆ 🙏🙏

ಸಿಂಧನೂರು_ಹೀರೋ:
ಗಂಗಾವತಿ ಅಣ್ಣಾ ಬಸ್ಸಿಗೆ ಕೊಟ್ಟು ಕಳಿಸೋದ್ಯಾಕ, ಫೈಬರ್ ನೆಟ್ ಅದಲ್ಲ, 100 ಎಂಬಿ ಸ್ಪೀಡ್, 442 ಜಿಬಿ ಒಂದೂವರಿ ತಾಸಿನ್ಯಾಗ ಹೋಗ್ತದ

ಕೋಟೆ_ಕಟ್ಸ್:
ಹೀರೋ, ಅದು ಮೆಗಾಬಿಟ್ ಕಣಪ್ಪ, ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 12.5 ಎಂಬಿ. 442 ಜಿಬಿಗೆ ಹತ್ರ ಹತ್ರ 10 ತಾಸು, ಅದೂ ಅಪ್‌ಲೋಡ್ ಫುಲ್ ಸ್ಪೀಡ್ ಒಂಚೂರೂ ಇಳೀದೇ ಇದ್ರೆ. ಬಳ್ಳಾರಿಯಿಂದ ಗಂಗಾವತಿಗೆ ಬಸ್ಸೇ ಫಾಸ್ಟ್! ಡ್ಯಾಮ್ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಮಾತ್ರ ನೆಟ್ ನೆನಪು ಮಾಡ್ಕೊಳ್ಳೋದು.

ಕ್ಯಾಮೆರಾಕ್ಕೂ ಇದೇ ಲೆಕ್ಕ ನೋಡ್ರಿ. 100 ಎಂಬಿಪಿಎಸ್‌ನಾಗ ಶೂಟ್ ಮಾಡಿದ್ರೆ ನಿಮಿಷಕ್ಕೆ 750 ಎಂಬಿ, ತಾಸಿಗೆ 45 ಜಿಬಿ. 64 ಜಿಬಿ ಕಾರ್ಡ್ 85 ನಿಮಿಷ ಅಂತ ಲೆಕ್ಕ ಬರುತ್ತೆ, ನಾನು 80ಕ್ಕೇ ಬದ್ಲಿ ಮಾಡಿಸ್ತೀನಿ. ಅಕ್ಕಿಕಾಳು ಬೀಳೋ ಹೊತ್ತಿಗೆ ಕಾರ್ಡ್ ಫುಲ್ ಆದ್ರೆ ಮದುವಿ ಮತ್ತೊಂದ್ಸಲ ಮಾಡ್ಸಾಕಾಗಲ್ಲ.

ಫ್ರೇಮ್_ಗಂಗಾವತಿ:
ವೆರಿಫೈ ರಾತ್ರೆಲ್ಲಾ ಓಡ್ತು, ರಾ ಫೂಟೇಜ್ ಎಲ್ಲಾ ಮ್ಯಾಚ್ ಆತು. ಎಡಿಟರ್ ಅಣ್ಣಗೂ ಫೋನ್ ಮಾಡಿ ಹೇಳ್ದೆ, ಅವ್ರು ಒಂದೇ ಸಮ ನಗಾಕತ್ತಿದ್ರು. ಇನ್ನೊಂದೇ ಒಂದು ಕೇಳ್ತೀನಿ. ಮದುಮಗನ ಮನಿಯವ್ರು ಟಿವಿಗೆ ಹಾಕಿ ನೋಡಾಕ ಪೆನ್‌ಡ್ರೈವ್ ಕೊಟ್ಟಾರ, 32 ಜಿಬಿ, ಖಾಲಿ ಐತಿ. ಫೈನಲ್ ವಿಡಿಯೋ ಒಂದು 4.1 ಜಿಬಿ. ಕಾಪಿ ಹೊಡದ್ರ ಫೈಲ್ ಟೂ ಲಾರ್ಜ್ ಅಂತೈತಿ. ಎಡಿಟರ್ ಕಳಿಸಿದ್ದ ಇನ್ನೊಂದು ಫೈಲ್ ಅವ್ರ ಮ್ಯಾಕ್‌ನಾಗ 4.2 ಅಂತಿತ್ತು, ಅದು ಮಾತ್ರ ಹೋತು. ದೊಡ್ಡದು ಹೋಗಿ ಸಣ್ಣದು ಯಾಕ ನಿಂತು?

ಬೈಟ್_ಮಾಸ್ತರ:
ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಾಗ ಅದ. ಅದರಾಗ ಜಾಗ ಎಷ್ಟೇ ಇರ್ಲಿ, ಒಂದು ಫೈಲ್ 429,49,67,295 ಬೈಟ್ ದಾಟಂಗಿಲ್ಲ. ವಿಂಡೋಸ್ ಲೆಕ್ಕದಾಗ ಅದು 4 ಜಿಬಿಗೆ ಒಂದೇ ಬೈಟ್ ಕಡಿಮಿ, ಮ್ಯಾಕ್ ಲೆಕ್ಕದಾಗ 4.29. ನಿಮ್ಮ 4.1 ವಿಂಡೋಸ್‌ದು, ಅಂದ್ರ ಮ್ಯಾಕ್‌ನಾಗ 4.4, ಅದಕ್ಕ ನಿಂತದ. ಅವ್ರ 4.2 ವಿಂಡೋಸ್‌ನಾಗ 3.91, ಅದಕ್ಕ ಹೋಗ್ಯದ. ಎಕ್ಸ್‌ಫ್ಯಾಟ್ ಮಾಡಿದ್ರ ಪೆನ್‌ಡ್ರೈವ್‌ಗೆ ಹೋಗ್ತದ, ಆದ್ರ ಹಳೇ ಟಿವಿ ಇದ್ರ ಎಕ್ಸ್‌ಫ್ಯಾಟ್ ಓದಂಗಿಲ್ಲ. ಮೊದ್ಲು ಅವ್ರ ಟಿವಿ ಯಾವುದು ಕೇಳ್ರಿ, ಹಳೇದಿದ್ರ ಎಡಿಟರ್‌ಗೆ ಹೇಳಿ ಎರಡು ಭಾಗ ಮಾಡಿಸ್ರಿ, ಊಟದ ಪಂಗ್ತಿ ಬ್ಯಾರೆ ಫೈಲ್ ಆದ್ರ ಯಾರೂ ಬೇಜಾರಾಗಂಗಿಲ್ಲ.